ಸೊಲ್ಲಿಗೆ ಸೊಲ್ಲು: ಹಾಡು, ಕಥೆ, ಒಡಪಿನ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಬಾಯಿಂದ ಬಾಯಿಗೆ ಬಂದ ಹಾಡು, ಕಥೆಗಳ ಕುರಿತಾಗಿವೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಅಜ್ಜಿಗೆ ರಾಗಿ ಬೀಸುವ ಪದ, ಸೋಬಾನೆ, ಕೋಲಾಟದ ಪದ ಬೇಕಾದಷ್ಟು ಬರುತ್ತವೆ. ಮೊಬೈಲ್ ಹಿಡಿದು ‘ಹಾಡಜ್ಜಿ’ ಎಂದರೆ ಎರಡು ನುಡಿ ಹೇಳಿ ‘ಮರೆತೋಯ್ತು ಕಣವ್ವ’ ಎನ್ನುತ್ತಾರೆ. ರೆಕಾರ್ಡ್ ಮಾಡುವುದು ಹೇಗೆ? (ಚನ್ನರಾಯಪಟ್ಟಣ ತಾಲ್ಲೂಕು)

ಉತ್ತರ: ಅಜ್ಜಿಗೆ ಪದ ಮರೆತಿಲ್ಲ. ಸೊಲ್ಲು ಕೊಡುವವರು ಎದುರಿಗಿಲ್ಲ, ಅಷ್ಟೆ. ಬೀಸುವ ಪದವಾಗಲಿ ಸೋಬಾನೆಯಾಗಲಿ ಇಬ್ಬರ ಹಾಡು. ಒಬ್ಬರು ಸೊಲ್ಲು ಎತ್ತುತ್ತಾರೆ, ಇನ್ನೊಬ್ಬರು ಅದನ್ನೇ ಹಿಡಿದು ತಿರುಗಿ ಹಾಡುತ್ತಾರೆ. ಎರಡನೆಯವರ ದನಿ ನಡೆಯುವ ಆ ಏಳೆಂಟು ಸೆಕೆಂಡಿನಲ್ಲೇ ಮೊದಲಿನವರು ಉಸಿರೆಳೆದುಕೊಂಡು ಮುಂದಿನ ನುಡಿಯನ್ನು ನೆನಪಿಗೆ ತಂದುಕೊಳ್ಳುವುದು. ಆ ಬಿಡುವು ಕಿತ್ತುಕೊಂಡರೆ ಎಂಥ ಹಾಡುಗಾರ್ತಿಗೂ ಮೂರನೇ ನುಡಿಗೆ ಎಳೆ ತಪ್ಪುತ್ತದೆ. ಹಾಗಾಗಿ ಮೊದಲು ಹುಡುಕಬೇಕಾದದ್ದು ಮೈಕನ್ನಲ್ಲ, ಅಜ್ಜಿಯ ಜೊತೆಗಾರ್ತಿಯನ್ನು. ಓರಗಿತ್ತಿ, ನಾದಿನಿ, ಪಕ್ಕದ ಬೀದಿಯ ಗೆಳತಿ, ಯಾರಾದರೂ ಸರಿ. ಯಾರೂ ಉಳಿದಿಲ್ಲವಾದರೆ ನೀವೇ ಕೂತು ಅಜ್ಜಿ ಹೇಳಿದ ಸಾಲನ್ನು ಹಿಂದೆಯೇ ಹಾಡಿ. ರಾಗ ಸ್ವಲ್ಪ ತಪ್ಪಿದರೂ ಅಡ್ಡಿಯಿಲ್ಲ, ಸಾಲು ಹಿಂತಿರುಗಿ ಬರಬೇಕು.

ಕೈಗೂ ಕೆಲಸ ಬೇಕು. ಬೀಸುವ ಪದಕ್ಕೆ ಬೀಸುಕಲ್ಲು ಇನ್ನೂ ಮನೆಯಲ್ಲಿದ್ದರೆ ಒಂದು ಸೇರು ರಾಗಿ ಹಾಕಿ ಇಬ್ಬರನ್ನೂ ಗೂಟ ಹಿಡಿಸಿ ಕೂರಿಸಿ. ಕಲ್ಲಿನ ಸುತ್ತು ಹಾಡಿನ ನಡೆಯನ್ನು ತಾನೇ ಹಿಡಿದುಕೊಳ್ಳುತ್ತದೆ. ಕಲ್ಲಿನ ಸದ್ದು ಮಾತನ್ನು ಮುಚ್ಚುತ್ತದೆಂಬುದು ನಿಜ. ಅದಕ್ಕೆ ಅದೇ ಪದವನ್ನು ಎರಡು ಸಲ ತೆಗೆದುಕೊಳ್ಳಿ: ಒಮ್ಮೆ ಕಲ್ಲಿನೊಡನೆ, ಅದಾದ ತಕ್ಷಣ ಇನ್ನೊಮ್ಮೆ ಬರಿಯ ದನಿಯಲ್ಲಿ. ಮೊದಲಿನದರಲ್ಲಿ ಲಯ ಸಿಗುತ್ತದೆ, ಎರಡನೆಯದರಲ್ಲಿ ಮಾತು.

‘ಮದುವೆ ಹಾಡು ಹೇಳಿ’ ಎಂದು ಕೇಳಬೇಡಿ. ‘ಹಸೆಗೆ ಕರೆಯುವಾಗ ಏನು ಹೇಳ್ತಿದ್ರಿ? ಎಣ್ಣೆ ಹಚ್ಚುವಾಗ? ಹೆಣ್ಣೊಪ್ಪಿಸುವಾಗ?’ ಎಂದು ಶಾಸ್ತ್ರದ ಹೆಸರು ಹಿಡಿದು ಕೇಳಿ. ಹಾಡುಗಳು ಅವರ ನೆನಪಿನಲ್ಲಿ ಶಾಸ್ತ್ರದ ಜೊತೆಗೇ ಕೂತಿರುತ್ತವೆ, ಪಟ್ಟಿಯಾಗಿ ಅಲ್ಲ.

ಇನ್ನು ಫೋನಿನ ವಿಷಯ. ಫ್ಲೈಟ್ ಮೋಡಿಗೆ ಹಾಕಿ. ರೆಕಾರ್ಡರ್ ಆ್ಯಪಿನ ಸೆಟ್ಟಿಂಗಿನಲ್ಲಿ ವೇವ್ ಫಾರ್ಮ್ಯಾಟ್, 48 ಕಿಲೋಹರ್ಟ್ಸ್ ಆರಿಸಿ. ಹಿನ್ನೆಲೆಯ ಸದ್ದು ಕಡಿಮೆ ಮಾಡುವ ಸೌಲಭ್ಯವಿದ್ದರೆ ಅದನ್ನು ಆಫ್ ಮಾಡಿಬಿಡಿ. ಅದು ಮುದಿ ದನಿಯ ನಡುಕವನ್ನೂ ಎಳೆದ ಸ್ವರದ ತುದಿಯನ್ನೂ ಗದ್ದಲವೆಂದು ತಿಳಿದು ಕತ್ತರಿಸುತ್ತದೆ. 24 ಬಿಟ್ ಸ್ಟೀರಿಯೋ ಆದರೆ ಗಂಟೆಗೆ ಸುಮಾರು 1 ಜಿಬಿ ಹಿಡಿಯುತ್ತದೆ, ಜಾಗ ನೋಡಿಕೊಳ್ಳಿ. ಮಡಿಸಿದ ಟವೆಲ್ಲಿನ ಮೇಲೆ, ಇಬ್ಬರ ನಡುವೆ, ಬಾಯಿಂದ ಒಂದೂವರೆ ಅಡಿ ದೂರದಲ್ಲಿ ಫೋನ್ ಇಡಿ. ಕೈಯಲ್ಲಿ ಹಿಡಿದರೆ ಬೆರಳಿನ ಸದ್ದು ಬರುತ್ತದೆ, ಮೇಜಿನ ಮೇಲಿಟ್ಟರೆ ಮೇಜೇ ಗುಂಯ್‌ಗುಡುತ್ತದೆ. ಫ್ಯಾನ್ ನಿಲ್ಲಿಸಿ. ಶೀಟಿನ ಮನೆಯಾದರೆ ಮಳೆಗಾಲದಲ್ಲಿ ಹಗಲು ಹೊಳವಾದ ಹೊತ್ತು ನೋಡಿ. ಶುರುವಿನಲ್ಲಿ ತಾರೀಖು, ಊರು, ಯಾರು ಎತ್ತುವವರು, ಯಾರು ಕೊಡುವವರು ಎಂದು ನೀವೇ ಬಾಯಲ್ಲಿ ಹೇಳಿ. ಕಡತದ ಹೆಸರು ಅಳಿಸಿಹೋದರೂ ಇದು ಉಳಿಯುತ್ತದೆ. ಒಂದು ಕೂತಿಗೆ 40 ನಿಮಿಷ ಸಾಕು.

ವಾಟ್ಸ್‌ಆ್ಯಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವಾದರೆ ದನಿ ಸವೆಯುತ್ತದೆ. ಮೂರು ಪ್ರತಿ ಬೇರೆ ಬೇರೆ ಕಡೆ ಇರಲಿ. ಯೂಟ್ಯೂಬಿಗೆ ಹಾಕುವ ಮುಂಚೆ ಇಬ್ಬರನ್ನೂ ಕೇಳಿ. ಬೀಗರನ್ನು ಛೇಡಿಸುವ ಪದಗಳಲ್ಲಿ ಬದುಕಿರುವವರ ಹೆಸರುಗಳೇ ಇರುತ್ತವೆ.

ಪ್ರಶ್ನೆ: ರೆಕಾರ್ಡ್ ಮಾಡಿದ ಪದಗಳನ್ನು ಬರೆದುಕೊಳ್ಳುತ್ತಿದ್ದೇನೆ. ‘ಅರಳ್ಯಾವೆ’, ‘ಮಲ್ಲೀಗೆ’ ಇಂಥವನ್ನು ಶುದ್ಧ ಕನ್ನಡಕ್ಕೆ ತಿದ್ದಬೇಕೇ? (ಅರಸೀಕೆರೆ)

ಉತ್ತರ: ತಿದ್ದಬೇಡಿ. ತಿದ್ದಿದ ಕೂಡಲೇ ಹಾಡು ಕುಂಟುತ್ತದೆ. ಏಕೆ ಎಂಬುದನ್ನು ತೋರಿಸಲು ತ್ರಿಪದಿಯ ಅಚ್ಚಿನಲ್ಲಿ ಮೂರು ಸಾಲು ಕಟ್ಟಿಕೊಟ್ಟಿದ್ದೇವೆ. ಇದು ಯಾವ ಊರಿನ ಪದವೂ ಅಲ್ಲ, ಈ ಉತ್ತರಕ್ಕೆಂದೇ ಮಾಡಿದ್ದು:

ಮೂಡಾಲ ಕೆರೆಯೇರಿ ನೋಡೋಕೆ ಚೆಲುವಯ್ಯ
ಕಾಡ ಮಲ್ಲೀಗೆ ಅರಳ್ಯಾವೆ | ತಂಗ್ಯಮ್ಮ
ಓಡಿ ಬಾ ಮುಡಿಯ ತುಂಬೋಕೆ

ತ್ರಿಪದಿಯಲ್ಲಿ ಒಟ್ಟು 11 ಗಣ. ಮೊದಲ ಸಾಲಿಗೆ 4, ಎರಡನೆಯದಕ್ಕೆ 4, ಮೂರನೆಯದಕ್ಕೆ 3. ಇವುಗಳಲ್ಲಿ ಆರನೆಯದೂ ಹತ್ತನೆಯದೂ ಚಿಕ್ಕ ಗಣ, ಉಳಿದವು ದೊಡ್ಡವು. ಇಲ್ಲಿ ‘ಕಾಡ ಮಲ್’ ಒಂದು ಗಣ, ‘ಲೀಗೆ’ ಆ ಚಿಕ್ಕ ಆರನೆಯದು. ಇದು ಅಂಶಗಣದ ಲೆಕ್ಕ, ಅಕ್ಷರವನ್ನು ಎಳೆದು ಕುಗ್ಗಿಸಿ ಹಾಡುವವರ ಬಾಯಿಯ ಅಳತೆ. ‘ಲೀ’ ಎಂಬ ಎಳೆತದ ಮೇಲೆ, ‘ಳ್ಯಾ’ ಎಂಬ ಒತ್ತಿನ ಮೇಲೆ ರಾಗ ನಿಲ್ಲುತ್ತದೆ. ‘ಕಾಡಮಲ್ಲಿಗೆ ಅರಳಿವೆ’ ಎಂದು ಬರೆದುಬಿಟ್ಟರೆ ನಿಲ್ಲಲು ಜಾಗವೇ ಇಲ್ಲ. ನಾಳೆ ನಿಮ್ಮ ಪುಸ್ತಕ ನೋಡಿ ಹಾಡಲು ಹೊರಟವರಿಗೆ ರಾಗ ಕೂರುವುದಿಲ್ಲ.

ಎರಡನೆಯ ಸಾಲಿನಲ್ಲಿ ಗೆರೆ ಹಾಕಿರುವುದನ್ನು ಗಮನಿಸಿ. ಹಾಡುವಾಗ ಮೊದಲ ಮೂರು ಗಣ ಹಾಡಿ ನಿಲ್ಲಿಸುತ್ತಾರೆ. ಮತ್ತೆ ಅದನ್ನೇ ಹಿಡಿದು ‘ತಂಗ್ಯಮ್ಮ’ ಸೇರಿಸಿಕೊಂಡು ಮೂರನೆಯ ಸಾಲಿಗೆ ಇಳಿಯುತ್ತಾರೆ. ಹೀಗೆ ಬರಹದ ಮೂರು ಸಾಲು ಬಾಯಲ್ಲಿ ನಾಲ್ಕಾಗುತ್ತದೆ. ಮುದ್ರಿತ ಸಂಗ್ರಹಗಳಲ್ಲಿ ಈ ಮರುಕಳಿಕೆಯನ್ನು ಜಾಗ ಉಳಿಸಲು ಬಿಟ್ಟಿರುವುದೇ ಹೆಚ್ಚು, ಇದೊಂದು ದೊಡ್ಡ ನಷ್ಟ. ನೀವು ಕನಿಷ್ಠ ಒಂದು ನುಡಿಯನ್ನಾದರೂ ಹಾಡಿದ ಹಾಗೆಯೇ ಪೂರ್ತಿ ಬರೆಯಿರಿ, ಉಳಿದವಕ್ಕೆ ಗುರುತು ಹಾಕಿದರೆ ಸಾಕು. ಎತ್ತುವವರ ಸಾಲು, ಕೊಡುವವರ ಸಾಲು ಬೇರೆ ಬೇರೆಯಾಗಿ ಕಾಣಬೇಕು.

ಇನ್ನೊಂದು ಮಾತು. ‘ಹ’ಕಾರ ಬಿಟ್ಟು ‘ಅಳ್ಳಿ’, ‘ಆಲು’ ಎಂದು ಹಾಡಿದ್ದರೆ ಹಾಗೆಯೇ ಇರಲಿ, ಅರ್ಥವನ್ನು ಅಂಚಿನಲ್ಲಿ ಕೊಡಿ. ಕೇಳಿ ಬರೆದುಕೊಳ್ಳುವ ಅವಸರದಲ್ಲಿ ‘ಹಾಡಬೇಡಿ, ಸುಮ್ಮನೆ ಮಾತಿನಲ್ಲಿ ಹೇಳಿ’ ಎಂದು ಹಾಡುಗಾರ್ತಿಯನ್ನು ಕೇಳಬೇಡಿ. ರಾಗ ಬಿಟ್ಟರೆ ಸಾಲುಗಳು ಹಾರಿಹೋಗುತ್ತವೆ, ಹಿಂದುಮುಂದಾಗುತ್ತವೆ. ಹಾಡನ್ನು ಮುಗಿಸಲು ಬಿಟ್ಟು, ಆಮೇಲೆ ರೆಕಾರ್ಡನ್ನು ಕೇಳಿಸುತ್ತ ಅನುಮಾನವಿದ್ದ ಕಡೆ ನಿಲ್ಲಿಸಿ ಕೇಳಿ.

ಪ್ರಶ್ನೆ: ನಮ್ಮ ಹಟ್ಟಿಯಲ್ಲಿ ಕಾಡುಗೊಲ್ಲರ ದೈವ ಜುಂಜಪ್ಪನ ಕಥೆಯನ್ನು ರಾತ್ರಿಯಿಡೀ ಹಾಡುವವರಿದ್ದರು. ಅಷ್ಟು ಉದ್ದದ ಕಥೆ ಅಕ್ಷರ ಕಲಿಯದವರ ತಲೆಯಲ್ಲಿ ಹೇಗೆ ನಿಲ್ಲುತ್ತದೆ? ಈಗ ಕಲಿಯಲು ಹೊರಟವರು ಬಾಯಿಪಾಠ ಮಾಡಬೇಕೇ? (ಕಡೂರು ತಾಲ್ಲೂಕು)

ಉತ್ತರ: ಬಾಯಿಪಾಠದಿಂದ ಇದು ಆಗುವುದಿಲ್ಲ, ಹಿಂದೆ ಆದದ್ದೂ ಹಾಗಲ್ಲ. ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ 1933ರಿಂದ 1935ರ ನಡುವೆ ಅಂದಿನ ಯುಗೊಸ್ಲಾವಿಯದಲ್ಲಿ, ಗುಸ್ಲೆ ಎಂಬ ಒಂಟಿ ತಂತಿಯ ವಾದ್ಯ ಹಿಡಿದು ವೀರಕಥೆ ಹಾಡುವವರನ್ನು ರೆಕಾರ್ಡ್ ಮಾಡಿದರು. ಅವರ ಶಿಷ್ಯ ಆಲ್ಬರ್ಟ್ ಲಾರ್ಡ್ 1960ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ‘ಅಕ್ಷರ ಅಕ್ಷರ ಅದನ್ನೇ ಹಾಡಿದ್ದೇನೆ’ ಎಂದು ಹಾಡುಗಾರರು ಹೇಳುತ್ತಿದ್ದರು. ಎರಡು ಸಲದ ಹಾಡನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಲುಗಳು ಬೇರೆ, ಕಥೆ ಒಂದೇ. ಹಾಡುಗಾರ ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ‘ಅದೇ ಹಾಡು’ ಎಂದರೆ ಅದೇ ಕಥೆ, ಅದೇ ಕ್ರಮ.

ಅಷ್ಟು ದೂರ ಹೋಗಬೇಕಾಗಿಲ್ಲ. ಚಾರ್ಮಾಡಿ ಘಾಟಿ ಇಳಿದರೆ ಬೆಳ್ತಂಗಡಿ ಸೀಮೆ. ಅಲ್ಲಿನ ಗೋಪಾಲ ನಾಯ್ಕರು 1990ರಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ತಂಡದ ಮುಂದೆ ತುಳುವಿನಲ್ಲಿ ಹಾಡಿದ ಸಿರಿಯ ಕಥೆ ಬರಹಕ್ಕಿಳಿದಾಗ 15,683 ಸಾಲಾಯಿತು.

ಹಾಡುಗಾರರ ಬಳಿ ಇರುವುದು ಮೂರು ಬಗೆಯ ಸಾಮಗ್ರಿ. ಒಂದು, ಕಥೆಯ ಮೆಟ್ಟಿಲುಗಳು: ಹುಟ್ಟು, ಅಡವಿಗೆ ಹೋದದ್ದು, ದಾಯಾದಿಗಳ ಹೊಂಚು, ಹೀಗೆ ಯಾವುದರ ಮೇಲೆ ಯಾವುದು ಎಂಬ ಅನುಕ್ರಮ. ಎರಡು, ಎಲ್ಲಿ ಬೇಕಾದರೂ ಕೂರುವ ಸಿದ್ಧ ವರ್ಣನೆಗಳು: ಬೆಳಗಾಗುವುದು, ದನ ಬಿಡುವುದು, ಅಲಂಕಾರ, ಪಯಣ, ಅಳು. ಮೂರು, ಲಯಕ್ಕೆ ಸರಿಯಾಗಿ ಕೂರುವ ಸಿದ್ಧ ನುಡಿಗಟ್ಟುಗಳು. ಕಾಡುಗೊಲ್ಲರ ಹಾಡಿಕೆಯಲ್ಲಿ ನಾಲ್ಕನೆಯದೂ ಒಂದಿದೆ, ಅದು ಗಣೆ. ಉದ್ದನೆಯ ಆ ಬಿದಿರ ಕೊಳಲನ್ನು ಊದುವಾಗ ಬಾಯಿಗೆ ಮಾತಿನಿಂದ ಬಿಡುವು. ಆ ಬಿಡುವಿನಲ್ಲೇ ಮುಂದಿನ ಭಾಗ ಮನಸ್ಸಿನಲ್ಲಿ ಜೋಡಣೆಯಾಗುತ್ತದೆ. ಗಣೆಯನ್ನು ಬರೀ ಹಿನ್ನೆಲೆ ಎಂದುಕೊಂಡು ಬೇರೆಯವರ ಕೈಗೆ ಕೊಟ್ಟು, ಹಾಡುವವನನ್ನು ಮೈಕಿನ ಮುಂದೆ ನಿಲ್ಲಿಸಿದರೆ ಅವನು ತಡವರಿಸುವುದು ಇದಕ್ಕೇ.

ಕಲಿಯುವವರು ಮೊದಲು ಹಿಮ್ಮೇಳದಲ್ಲಿ ಕೂರಬೇಕು. ಹೀಗೆ ಹಿಂದೆ ಕೂತು ಹಾಡುತ್ತಿದ್ದರೆ ನುಡಿಗಟ್ಟುಗಳು ತಾವೇ ನಾಲಿಗೆಗೆ ಹತ್ತುತ್ತವೆ. ಆಮೇಲೆ ಕಥೆಯ ಮೆಟ್ಟಿಲುಗಳನ್ನು ಮಾತಿನಲ್ಲಿ, ಹಾಡಿಲ್ಲದೆ, ತಪ್ಪದೆ ಹೇಳಲು ಕಲಿಯಿರಿ. ಮೂರನೆಯ ಹಂತದಲ್ಲಿ ಒಂದು ಮೆಟ್ಟಿಲನ್ನಷ್ಟೇ ಎತ್ತಿಕೊಂಡು ಅರ್ಧ ಗಂಟೆ ಹಾಡಿ. ಪುಸ್ತಕ ಹಿಡಿದು ಸಾಲುಸಾಲಾಗಿ ಉರುಹೊಡೆದವರು ಒಂದು ಸಾಲು ತಪ್ಪಿದರೆ ಅಲ್ಲಿಯೇ ನಿಂತುಬಿಡುತ್ತಾರೆ, ಕಥೆಯ ದಾರಿ ಗೊತ್ತಿದ್ದವರಿಗೆ ಆ ಭಯವಿಲ್ಲ. ಹಟ್ಟಿಯ ದೇವರ ಹಾಡಿಗೆ ಅದರದೇ ಹೊತ್ತು, ಮಡಿ, ಕಟ್ಟಳೆ ಇವೆ. ಕಲಿಕೆ ಎಲ್ಲಿ, ಯಾವಾಗ ಎಂಬುದನ್ನು ಹಿರಿಯರಿಂದಲೇ ಕೇಳಿ ತಿಳಿಯಿರಿ.

ಪ್ರಶ್ನೆ: ನಮ್ಮೂರಿನಲ್ಲಿ ನಿಂತುಹೋಗಿದ್ದ, ದೀಪಾವಳಿಯಲ್ಲಿ ದೀಪ ಹಿಡಿದು ಮನೆಮನೆಗೆ ಹೋಗಿ ಹಾಡುವ ಅಂಟಿಗೆ ಪಂಟಿಗೆಯನ್ನು ಹುಡುಗರು ಮತ್ತೆ ಶುರು ಮಾಡಿದ್ದೇವೆ. ದಾರಿಯಲ್ಲಿ ದೀಪ ಆರುತ್ತದೆ, ನಾಲ್ಕನೇ ಮನೆಗೆ ಗಂಟಲು ಕಟ್ಟುತ್ತದೆ, ಜನ ಎರಡು ನಿಮಿಷಕ್ಕೇ ದುಡ್ಡು ಕೊಟ್ಟು ಕಳಿಸುತ್ತಾರೆ. (ಕೊಪ್ಪ)

ಉತ್ತರ: ಮೂರಕ್ಕೂ ಮದ್ದಿದೆ.

ದೀಪ ಹಿಡಿಯುವವನು ಹಾಡಬಾರದು. ಅವನ ಕಣ್ಣು ದೀಪದ ಮೇಲೇ ಇರಬೇಕು, ಅವನ ಉಸಿರು ದೀಪಕ್ಕೆ ತಾಗಬಾರದು. ಅಗಲ ಬಾಯಿಯ ಮಣ್ಣಿನ ಹಣತೆ, ಹರಳೆಣ್ಣೆ, ಒಗೆದು ಒಣಗಿಸಿದ ಹಳೆಯ ಹತ್ತಿಬಟ್ಟೆಯನ್ನು ಕಿರುಬೆರಳ ಗಾತ್ರಕ್ಕೆ ಹೊಸೆದ ಬತ್ತಿ, ಇಷ್ಟು ಸರಿಯಾದರೆ ಅರ್ಧ ತೊಂದರೆ ಕಳೆಯಿತು. ಹರಳೆಣ್ಣೆ ಮಂದ, ನಿಧಾನ ಉರಿಯುತ್ತದೆ, ನಡೆಯುವಾಗ ತುಳುಕುವುದೂ ಕಡಿಮೆ. ಹಣತೆಯ ಮೂರು ಬದಿಗೆ ಅಡಿಕೆ ಹಾಳೆಯನ್ನು ಬಗ್ಗಿಸಿ ಮರೆ ಕಟ್ಟಿ, ತೆರೆದ ಬದಿ ನಿಮ್ಮ ಎದೆಯ ಕಡೆಗಿರಲಿ. ದೇವಸ್ಥಾನದಲ್ಲಿ ದೀಪ ಹೊತ್ತಿಸುವಾಗಲೇ ಅದೇ ಜ್ಯೋತಿಯಿಂದ ಒಂದು ಲಾಟೀನನ್ನೂ ಹೊತ್ತಿಸಿಕೊಂಡು ಹಿಂದೆ ತನ್ನಿ. ತೋಟದ ಸಂಕದ ಮೇಲೆ ಗಾಳಿಗೆ ಹಣತೆ ಆರಿದರೂ ಬೆಂಕಿಪೆಟ್ಟಿಗೆ ಗೀರಬೇಕಾಗಿಲ್ಲ, ಹೊರಟ ಜ್ಯೋತಿಯೇ ಮುಂದುವರಿಯುತ್ತದೆ. ದೀಪವನ್ನು ನೆಲಕ್ಕಿಡಬೇಡಿ.

ಗಂಟಲಿನ ವಿಷಯ: ಹತ್ತು ಜನರೂ ಎಲ್ಲ ಸಾಲನ್ನೂ ಕೂಗುತ್ತಿದ್ದೀರಿ ಎಂದು ಕಾಣುತ್ತದೆ. ನಾಲ್ಕು ನಾಲ್ಕು ಜನರ ಎರಡು ಸಾಲಾಗಿ. ಒಂದು ಗುಂಪು ಎತ್ತಿದ್ದನ್ನು ಇನ್ನೊಂದು ಗುಂಪು ತಿರುಗಿ ಹಾಡಲಿ. ಎರಡು ಮನೆಗೊಮ್ಮೆ ಎತ್ತುವವರು ಬದಲಾಗಲಿ. ಮೊದಲ ಮನೆಯಲ್ಲಿ ಉತ್ಸಾಹದಿಂದ ಎತ್ತರದ ಶ್ರುತಿ ಹಿಡಿದರೆ ಅದನ್ನು ಇಳಿಸುವುದು ಆಮೇಲೆ ಆಗದು. ಆದ್ದರಿಂದ ಹಿರಿಯನೊಬ್ಬ ಹಿಡಿದ ತಗ್ಗಿನ ದನಿಯಲ್ಲೇ ಹೊರಡಿ. ಬಿಸಿನೀರು ಜೊತೆಗಿರಲಿ. ಮನೆಮನೆಯ ಕಜ್ಜಾಯ ತಿಂದು ತಣ್ಣೀರು ಕುಡಿದರೆ ಗಂಟಲು ಕೂರುವುದು ಖಂಡಿತ.

ಇನ್ನು ಮನೆಯವರದು. ಈ ಹಾಡಿಕೆಯ ಮೊದಲ ಭಾಗವೇ ಮುಚ್ಚಿದ ಬಾಗಿಲನ್ನು ತೆಗೆಸುವ ಪದ. ಈಗ ಗೇಟಿನಲ್ಲೇ ಮೊಬೈಲ್ ಹಿಡಿದು ನಿಂತಿರುತ್ತಾರೆ, ಬಾಗಿಲು ತೆರೆದೇ ಇರುತ್ತದೆ. ತೆರೆದ ಬಾಗಿಲಿನ ಮುಂದೆ ಬಾಗಿಲು ತೆಗೆಯಿರಿ ಎಂದು ಹಾಡುವುದು ಹೇಗೆ? ಹಿಂದಿನ ದಿನವೇ ಊರಿಗೆಲ್ಲ ತಿಳಿಸಿ: ದನಿ ಕೇಳಿದ ಕೂಡಲೇ ಬಾಗಿಲು ಹಾಕಿಕೊಳ್ಳಿ, ಪದ ಮುಗಿದ ಮೇಲೆ ತೆಗೆಯಿರಿ, ಎಣ್ಣೆ ತಂದು ಎರೆಯಿರಿ, ನಿಮ್ಮ ದೀಪವನ್ನು ನಮ್ಮ ದೀಪದಿಂದ ಹೊತ್ತಿಸಿಕೊಳ್ಳಿ. ಆಮೇಲೆ ಬಲೀಂದ್ರನ ಪದ, ಮನೆಯವರು ಕೇಳಿದರೆ ಒಂದು ಕಥನ ಪದ, ಕೊನೆಗೆ ಹರಸಿ ಹೊರಡುವ ಪದ. ಒಂದು ಮನೆಗೆ 15 ನಿಮಿಷ. ನಡಿಗೆ ಸೇರಿಸಿದರೆ ರಾತ್ರಿಗೆ 15ರಿಂದ 20 ಮನೆ. ಐವತ್ತು ಮನೆ ಮುಗಿಸುವ ಹಟ ಬೇಡ, ಹಬ್ಬದ ಮೂರು ರಾತ್ರಿಗೆ ಹಂಚಿಕೊಳ್ಳಿ.

ಪ್ರಶ್ನೆ: ತಂಗಿಯ ಮದುವೆ ಕಲ್ಯಾಣಮಂಟಪದಲ್ಲಿ. ಊರಿನಿಂದ ಆರು ಜನ ಸೋಬಾನೆ ಹಾಡುವವರು ಬರುತ್ತಾರೆ. ವಾಲಗ, ಆರ್ಕೆಸ್ಟ್ರಾ ನಡುವೆ ಅವರ ದನಿ ಕೇಳಿಸುವಂತೆ ಮಾಡುವುದು ಹೇಗೆ? (ಹಾಸನ)

ಉತ್ತರ: ಧಾರೆಯ ಹೊತ್ತಿಗೆ ಹಾಡಿಸಲು ಹೋಗಬೇಡಿ, ಆ ಹೊತ್ತು ವಾಲಗದವರದು. ಚಪ್ಪರ ಹಾಕುವುದು, ಅರಿಶಿನ ಹಚ್ಚುವುದು, ಬಳೆ ತೊಡಿಸುವುದು ಹಿಂದಿನ ದಿನ ಮನೆಯಲ್ಲೇ ನಡೆಯುತ್ತದಲ್ಲ, ಸೋಬಾನೆಯ ಬಹುಪಾಲನ್ನು ಅಲ್ಲಿಗೆ ಇಡಿ. ಮಂಟಪದಲ್ಲಿ ಎರಡೇ ಜಾಗ ಗಟ್ಟಿಮಾಡಿಕೊಳ್ಳಿ: ಹಸೆಗೆ ಕರೆಯುವಾಗ 10 ನಿಮಿಷ, ಹೆಣ್ಣೊಪ್ಪಿಸುವಾಗ 20 ನಿಮಿಷ. ಈ ಹೊತ್ತಿನಲ್ಲಿ ಸದ್ದು ಬೇಡವೆಂದು ಪುರೋಹಿತರಿಗೂ ವಾಲಗದವರಿಗೂ ಫೋಟೊ ತೆಗೆಯುವವರಿಗೂ ಮುಂಚೆಯೇ ಹೇಳಿಡಿ.

ಆರು ಜನಕ್ಕೆ ಆರು ಮೈಕ್ ಕೊಟ್ಟರೆ ಕೆಲಸ ಕೆಟ್ಟಿತು. ಪ್ರತಿಯೊಬ್ಬರಿಗೂ ತಮ್ಮ ದನಿಯೇ ಜೋರಾಗಿ ಕೇಳಿ, ಪಕ್ಕದವರ ಸೊಲ್ಲು ಕೇಳದೆ ನಡೆ ಒಡೆಯುತ್ತದೆ. ಮೂರು ಮೂರು ಜನ ಎದುರುಬದುರು ಕೂರಲಿ, ನಡುವೆ ಎದೆಯ ಮಟ್ಟದಲ್ಲಿ ಒಂದೇ ಮೈಕ್ ಇರಲಿ. ಕೀಬೋರ್ಡ್ ಸೇರಿಸುವುದು ಬೇಡವೇ ಬೇಡ. ನುಡಿಯಿಂದ ನುಡಿಗೆ ಅವರ ಶ್ರುತಿ ಕೊಂಚ ಏರಿಳಿಯುತ್ತದೆ, ಆ ಸ್ವಾತಂತ್ರ್ಯ ವಾದ್ಯಕ್ಕಿಲ್ಲ. ಹೆಣ್ಣೊಪ್ಪಿಸುವ ಹಾಡಿನಲ್ಲಿ ನಡುವೆ ಹಾಡುವವರೇ ಅತ್ತು ನಿಲ್ಲಿಸುವುದುಂಟು. ಆಗ ಮೈಕ್ ಆರಿಸಬೇಡಿ, ಉಳಿದವರು ಎತ್ತಿಕೊಳ್ಳುತ್ತಾರೆ.

ಪ್ರಶ್ನೆ: ಮಗ ವೀರಗಾಸೆ ಕಲಿಯುತ್ತಿದ್ದಾನೆ. ಕುಣಿತ ಚೆನ್ನಾಗಿದೆ. ಕುಣಿತ ನಿಲ್ಲಿಸಿ ವೀರಭದ್ರನ ಕಥೆ ಹೇಳುವ ಒಡಪಿನಲ್ಲಿ ಮಾತ್ರ ಏದುಸಿರು ಬರುತ್ತದೆ, ಮಾತು ಹಿಂದಿನವರಿಗೆ ಕೇಳಿಸುವುದಿಲ್ಲ. (ತರೀಕೆರೆ)

ಉತ್ತರ: ಕುಣಿತದಿಂದ ಒಡಪಿಗೆ ದಾಟುವ ಜಾಗ ಸರಿಯಾಗಬೇಕು. ಕರಡೆ, ದಿಮ್ಮಿನ ಏಟು ಉಚ್ಚಸ್ಥಿತಿಯಲ್ಲಿ ತಟ್ಟನೆ ನಿಂತು, ಆ ಕ್ಷಣವೇ ಒಡಪು ಎತ್ತಿದರೆ ಯಾರಿಗಾದರೂ ಉಸಿರು ಸಿಗದು. ನಿಲ್ಲುವ ಮುಂಚೆ ಎರಡು ಮೂರು ಸುತ್ತು ನಡೆಯನ್ನು ಇಳಿಸಲು ವಾದ್ಯದವರಿಗೆ ಹೇಳಿ. ನಿಂತ ಮೇಲೆ ಜೊತೆಯವರು ದೇವರ ಜಯಘೋಷ ಹಾಕುತ್ತಾರಲ್ಲ, ಅದು ಒಡಪು ಹೇಳುವವನು ಉಸಿರು ತುಂಬಿಕೊಳ್ಳುವ ಹೊತ್ತು. ಅವನೂ ಆ ಘೋಷದಲ್ಲಿ ದನಿಗೂಡಿಸಬಾರದು. ಒಡಪಿನ ನಡುವೆ ಬರುವ ‘ಆಹಹಾ’ ಎಂಬ ಉದ್ಗಾರಗಳೂ ಉಸಿರಿನ ಕಟ್ಟೆಗಳೇ. ಜೊತೆಯವರು ಓಗೊಡದೆ ಸುಮ್ಮನಿದ್ದರೆ ಹೇಳುವವನು ಎಲ್ಲವನ್ನೂ ಒಂದೇ ಗುಕ್ಕಿಗೆ ಮುಗಿಸಲು ಓಡುತ್ತಾನೆ, ಏದುಸಿರು ಅಲ್ಲಿಂದಲೇ ಶುರು.

ವೇಷವನ್ನೂ ನೋಡಿ. ಎದೆಗೆ ಕಟ್ಟುವ ವೀರಭದ್ರನ ಹಲಗೆಯನ್ನು ಉಸಿರು ಬಿಟ್ಟಾಗ ಬಿಗಿದರೆ ಪಕ್ಕೆಲುಬು ಅಗಲಲು ಜಾಗವಿರದು. ಪೂರ್ತಿ ಉಸಿರೆಳೆದುಕೊಂಡು ನಿಂತಾಗ ಕಟ್ಟಬೇಕು. ಸೊಂಟದ ಪಟ್ಟಿಗೂ ಇದೇ ಮಾತು.

ಬಯಲಿನಲ್ಲಿ ಮಾತು ಕೇಳಿಸದಿರುವುದಕ್ಕೆ ದನಿ ಸಣ್ಣದಾಗಿರುವುದಕ್ಕಿಂತ ಸಾಲಿನ ಕೊನೆ ನುಂಗುವುದೇ ಕಾರಣವಾಗಿರುತ್ತದೆ. ಕೊನೆಯ ಪದವನ್ನು ಪೂರ್ತಿ ಹೇಳಿ ಮುಗಿಸುವ ಅಭ್ಯಾಸ ಮಾಡಿಸಿ. ವಾದ್ಯ ಪೂರ್ತಿ ನಿಂತಿರಬೇಕು, ಮೆಲ್ಲಗೆ ಬಾರಿಸುತ್ತಿರುವುದೂ ಬೇಡ. ಮೆರವಣಿಗೆಯ ನಿಲುಗಡೆಯಲ್ಲಿ ಎರಡು ನಿಮಿಷದ ತುಂಡು ಸಾಕು, ದೇವಸ್ಥಾನದ ಮುಂದೆ ಹತ್ತು ನಿಮಿಷ ಹೇಳಬಹುದು. ದಕ್ಷಯಜ್ಞವನ್ನು ತುಂಡಾಗಿ ಕಲಿಸಿ: ದಾಕ್ಷಾಯಿಣಿ ತವರಿಗೆ ಬಂದದ್ದು, ಅವಮಾನ, ಅಗ್ನಿಪ್ರವೇಶ, ಜಡೆಯಿಂದ ವೀರಭದ್ರ ಹುಟ್ಟಿದ್ದು, ದಕ್ಷನ ಶಿರಚ್ಛೇದ, ಕುರಿಯ ತಲೆ ಇಟ್ಟು ಬದುಕಿಸಿದ್ದು. ಶಿರಚ್ಛೇದಕ್ಕೆ ಬಂದರೆ ಅಲ್ಲಿಗೇ ಬಿಡಬಾರದು, ಬದುಕಿಸುವ ತನಕ ಹೇಳಿ ಮಂಗಳ ಮಾಡಬೇಕು. ಸಮಯ ಇಲ್ಲವಾದರೆ ವೀರಭದ್ರನ ಹುಟ್ಟಿನಲ್ಲೇ ನಿಲ್ಲಿಸಿ.

ಪ್ರಶ್ನೆ: ವೇಷ, ಕುಣಿತವಿಲ್ಲದೆ ಕೂತು ನಡೆಸುವ ಯಕ್ಷಗಾನವಾದ ತಾಳಮದ್ದಲೆಗೆ ನಮಗೆ ಮೂರು ಗಂಟೆ ಮಾತ್ರ ಸಿಗುತ್ತದೆ. ಕೊನೆಯ ಪಾತ್ರದವರಿಗೆ ಮಾತಿಗೆ ಅವಕಾಶವೇ ಆಗುವುದಿಲ್ಲ. (ಶೃಂಗೇರಿ)

ಉತ್ತರ: ಪ್ರಸಂಗವನ್ನು ಕತ್ತರಿಸಿ, ಅರ್ಥವನ್ನಲ್ಲ (ಪದ್ಯ ಹಾಡಿದ ಮೇಲೆ ಪಾತ್ರಧಾರಿ ಆಡುವ ಮಾತೇ ಅರ್ಥ). ಒಂದು ಪದ್ಯ ಹಾಡಲು ಎರಡು ನಿಮಿಷ, ಅರ್ಥಕ್ಕೆ ಐದು ಎಂದಿಟ್ಟರೆ 180 ನಿಮಿಷಕ್ಕೆ 25 ಪದ್ಯವೇ ಹೆಚ್ಚು. ಪೀಠಿಕೆಗಳು ಇದರಲ್ಲೇ ಸೇರಿರಬೇಕು. ಪದ್ಯ ಹಾಡುವ ಭಾಗವತರು ಮೊದಲೇ 25 ಪದ್ಯ ಗುರುತಿಸಿ ಎಲ್ಲ ಅರ್ಥಧಾರಿಗಳಿಗೂ ಪಟ್ಟಿ ಕೊಡಲಿ. ಮೊದಲ ಪಾತ್ರದ ಪೀಠಿಕೆ ಹತ್ತು ನಿಮಿಷ ದಾಟಿದರೆ ಭಾಗವತರು ಮುಂದಿನ ಪದ್ಯ ಎತ್ತಬಹುದೆಂದು ಎಲ್ಲರೂ ಒಪ್ಪಿಕೊಂಡಿರಬೇಕು. ಮಾತಿಗೆ ಮಾತು ಕೊಡುವ ಸಂವಾದ ಇರುವ ಭಾಗವನ್ನೇ ಆರಿಸಿ. ಒಬ್ಬರೇ ಮಾತಾಡಿ ಉಳಿದವರು ತಲೆಯಾಡಿಸುವ ಭಾಗವನ್ನು ಬಿಟ್ಟರೂ ನಡೆಯುತ್ತದೆ.

ಪ್ರಶ್ನೆ: ದೇವನೂರಿನ ಲಕ್ಷ್ಮೀಶನ ಜೈಮಿನಿ ಭಾರತವನ್ನು ನಮ್ಮ ಊರಿನಲ್ಲಿ ವಾರಕ್ಕೊಂದು ದಿನ ವಾಚಿಸಬೇಕೆಂದಿದ್ದೇವೆ. ಕುಮಾರವ್ಯಾಸ ಓದಿ ಅಭ್ಯಾಸವಿದೆ, ಆದರೆ ಇದರಲ್ಲಿ ಉಸಿರು ಸಾಲುವುದಿಲ್ಲ. (ಕಡೂರು)

ಉತ್ತರ: ಉಸಿರು ಸಾಲದಿರುವುದಕ್ಕೆ ಕಾರಣ ಛಂದಸ್ಸಿನಲ್ಲೇ ಇದೆ. ಎರಡೂ ಆರು ಸಾಲಿನ ಷಟ್ಪದಿಗಳು. ಕುಮಾರವ್ಯಾಸನ ಭಾಮಿನಿಯಲ್ಲಿ ಚಿಕ್ಕ ಸಾಲು 14 ಮಾತ್ರೆ, ಮೂರನೆಯ ಮತ್ತು ಆರನೆಯ ಸಾಲು 23 ಮಾತ್ರೆ. ಲಕ್ಷ್ಮೀಶನ ವಾರ್ಧಕದಲ್ಲಿ ಚಿಕ್ಕ ಸಾಲೇ 20, ದೊಡ್ಡದು 32. ಇಡೀ ಪದ್ಯ ಲೆಕ್ಕ ಹಾಕಿದರೆ ಅಲ್ಲಿ 102, ಇಲ್ಲಿ 144. ನಡೆಯೂ ಬೇರೆ. ಭಾಮಿನಿ ಮೂರು ನಾಲ್ಕರ ಗತಿಯಲ್ಲಿ ಹೋಗುತ್ತದೆ, ವಾರ್ಧಕ ಐದೈದು ಮಾತ್ರೆಯ ಗತಿಯಲ್ಲಿ. ಭಾಮಿನಿಯ ಅಭ್ಯಾಸದಲ್ಲಿ ಸಾಲಿನ ಕೊನೆಗೆ ಉಸಿರು ಹುಡುಕಿದರೆ ಇಲ್ಲಿ 32 ಮಾತ್ರೆಯ ಸಾಲಿನಲ್ಲಿ ಸಿಕ್ಕಿಬೀಳುತ್ತೀರಿ. ದೊಡ್ಡ ಸಾಲಿನಲ್ಲಿ ನಡುವೆ ಅರ್ಥ ಒಡೆಯುವ ಕಡೆ ಒಂದು ಕಳ್ಳ ಉಸಿರು ತೆಗೆದುಕೊಳ್ಳಬೇಕು. ಅದಕ್ಕೆ ಮುಂಚಿನ ದಿನವೇ ಪದಚ್ಛೇದ ಮಾಡಿಕೊಂಡು, ಪುಸ್ತಕದಲ್ಲಿ ಪೆನ್ಸಿಲಿನಿಂದ ಗೀಟು ಹಾಕಿರಬೇಕು. ಪ್ರಾಸಕ್ಕೆ ಮನಸೋತು ಪದದ ನಡುವೆ ಒಡೆದರೆ ಲಕ್ಷ್ಮೀಶನ ನಾದ ಉಳಿದೀತು, ಅರ್ಥ ಹೋಯಿತು. ನಾದ ಇವನಲ್ಲಿ ಎಷ್ಟು ತುಂಬಿದೆ ಎಂದರೆ ರಾಗವಿಸ್ತಾರ ಕಡಿಮೆ ಮಾಡಿದಷ್ಟೂ ಪದ್ಯ ಚೆನ್ನಾಗಿ ಕೇಳುತ್ತದೆ. ಒಂದು ಪದ್ಯಕ್ಕೆ ಒಂದೂವರೆ ನಿಮಿಷ ದಾಟದಿರಲಿ.

ಮೊದಲ ಸಂಧಿಯಿಂದಲೇ ಹೊರಡಬೇಕೆಂದಿಲ್ಲ. ಗ್ರಂಥದಲ್ಲಿ 34 ಸಂಧಿಗಳಿವೆ, ಒಂದು ಸಂಧಿ ಒಂದು ಸಂಜೆಗೆ ಮುಗಿಯುವುದಿಲ್ಲ, ವಾರಕ್ಕೊಂದು ದಿನದ ಲೆಕ್ಕದಲ್ಲಿ ಅದು ವರ್ಷಗಟ್ಟಲೆಯ ಕೆಲಸ. ಹೊಸ ಕೇಳುಗರಿಗೆ ಚಂದ್ರಹಾಸನ ಕಥೆ ಬಹಳ ಒಳ್ಳೆಯ ಆರಂಭ. ಕಥೆ ಬಿಗಿಯಾಗಿದೆ, ವಾರ ವಾರ ನಿಲ್ಲಿಸಲು ತಕ್ಕ ತಿರುವುಗಳಿವೆ. ಅದಾದ ಮೇಲೆ ಸುಧನ್ವ, ಬಭ್ರುವಾಹನ, ಸೀತಾಪರಿತ್ಯಾಗ. ಒಂದು ಸಂಜೆಗೆ 18ರಿಂದ 20 ಪದ್ಯ ಇಟ್ಟುಕೊಳ್ಳಿ. ವ್ಯಾಖ್ಯಾನಕ್ಕೆ ಪದ್ಯವೊಂದಕ್ಕೆ ಮೂರು ನಾಲ್ಕು ನಿಮಿಷವೆಂದರೆ ಒಂದೂಮುಕ್ಕಾಲು ಗಂಟೆಯಾಗುತ್ತದೆ. ವಾಚನಕಾರರೂ ವ್ಯಾಖ್ಯಾನಕಾರರೂ ಬೇರೆ ಬೇರೆ ಇರುವುದೇ ಮೇಲು, ಒಬ್ಬರೇ ಎರಡನ್ನೂ ಮಾಡಿದರೆ ಹತ್ತನೇ ಪದ್ಯಕ್ಕೆ ದನಿ ಸೋಲುತ್ತದೆ. ಯುದ್ಧದ ಪದ್ಯಗಳಿಗೆ ಅಠಾಣ, ಶೋಕಕ್ಕೆ ಮುಖಾರಿ ಎಂಬಂತೆ ರಾಗ ಬದಲಿಸಬಹುದು, ಆದರೆ ಪದ್ಯ ಪದ್ಯಕ್ಕೂ ಬದಲಿಸಿದರೆ ಭಾವ ನಿಲ್ಲುವುದಿಲ್ಲ. ನಾಲ್ಕೈದು ಪದ್ಯ ಒಂದೇ ರಾಗದಲ್ಲಿ ಹೋಗಲಿ.

ಪ್ರಶ್ನೆ: ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಕಥೆ ಓದಿದರೆ ಮಕ್ಕಳು ಐದು ನಿಮಿಷಕ್ಕೇ ಚಡಪಡಿಸುತ್ತಾರೆ. ಹಳ್ಳಿಯ ಹಿರಿಯರು ಹೇಳಿದರೆ ಅರ್ಧ ಗಂಟೆ ಕೂರುತ್ತಾರೆ. ವ್ಯತ್ಯಾಸ ಎಲ್ಲಿದೆ? (ಆಲೂರು)

ಉತ್ತರ: ಹಿರಿಯರು ಕಥೆ ಹೇಳುವ ಮುಂಚೆ ಹೂಂಗುಟ್ಟುವವರನ್ನು ಗೊತ್ತುಮಾಡಿಕೊಳ್ಳುತ್ತಾರೆ. ಸಾಲು ಸಾಲಿಗೂ ‘ಹೂಂ’ ಬರದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ನಿಮ್ಮ ತರಗತಿಯಲ್ಲೂ ಮೊದಲು ಒಬ್ಬ ಮಗುವಿಗೆ ಆ ಕೆಲಸ ಕೊಡಿ, ತೀರಾ ಚಡಪಡಿಸುವ ಮಗುವಿಗೇ ಕೊಟ್ಟರೆ ಇನ್ನೂ ಒಳ್ಳೆಯದು. ‘ಹೂಂ’ ತಡವಾದರೆ ನೀವು ನಿಲ್ಲಿಸಿ ಕಾಯಿರಿ. ನೀವು ನಿಂತ ಕೂಡಲೇ ಉಳಿದ ಮಕ್ಕಳೇ ಅವನನ್ನು ಎಚ್ಚರಿಸುತ್ತಾರೆ.

ಪುಸ್ತಕ ಕೆಳಗಿಡಿ. ಕಥೆಯನ್ನು ವಾಕ್ಯವಾಗಿ ಅಲ್ಲ, ಏಳೆಂಟು ಚಿತ್ರವಾಗಿ ನೆನಪಿಡಿ. ಬಾಯಿಪಾಠ ಮಾಡಬೇಕಾದದ್ದು ಮರುಕಳಿಸುವ ಮಾತನ್ನು ಮಾತ್ರ. ಕಾಗಕ್ಕ ಗುಬ್ಬಕ್ಕನ ಕಥೆಯನ್ನೇ ತೆಗೆದುಕೊಳ್ಳಿ. ಮಳೆಗೆ ಮನೆ ಕಳೆದುಕೊಂಡ ಕಾಗಕ್ಕ ಬಂದು ಬಾಗಿಲು ತಟ್ಟುತ್ತಾಳೆ, ಗುಬ್ಬಕ್ಕ ಒಳಗಿನಿಂದ ‘ತಾಳು, ಮಗೂಗೆ ನೀರು ಹಾಕ್ತಿದೀನಿ’ ಎನ್ನುತ್ತಾಳೆ. ಮತ್ತೆ ತಟ್ಟು, ಮತ್ತೊಂದು ನೆಪ. ತಟ್ಟುವ ಸದ್ದನ್ನು ಮಕ್ಕಳು ಬೆಂಚಿನ ಮೇಲೆ ಮಾಡಲಿ, ಎರಡನೇ ಸಲಕ್ಕೆ ಕಾಗಕ್ಕನ ಮಾತೂ ಅವರದೇ ಆಗಿರುತ್ತದೆ. ಮೂರನೇ ಸಲ ನೆಪವನ್ನೂ ಅವರೇ ಹುಟ್ಟಿಸಲಿ. ಇದು ಕಥೆಯನ್ನು ಕೆಡಿಸುವುದಿಲ್ಲ, ಊರಿಂದ ಊರಿಗೆ ಕಥೆ ಬದಲಾಗಿರುವುದೇ ಹೀಗೆ. ತಟ್ಟುವುದು ಮೂರು ಸಲಕ್ಕಿಂತ ಕಡಿಮೆಯಾಗಬಾರದು, ಐದನ್ನು ದಾಟಲೂಬಾರದು.

ನಲವತ್ತು ಮಕ್ಕಳಿದ್ದರೆ ಸಾಲು ಬೆಂಚು ಬಿಡಿಸಿ ಅರ್ಧ ವೃತ್ತದಲ್ಲಿ ಮೂರು ಸುತ್ತು ನೆಲದ ಮೇಲೆ ಕೂರಿಸಿ, ನೀವೂ ಕೂತೇ ಹೇಳಿ. ನಿಂತು ಹೇಳಿದರೆ ಪಾಠದ ದನಿ ಬಂದುಬಿಡುತ್ತದೆ. ಹತ್ತರಿಂದ ಹನ್ನೆರಡು ನಿಮಿಷದ ಕಥೆ ಸಾಕು. ಕಥೆ ಮುಗಿದ ತಕ್ಷಣ ‘ಇದರ ನೀತಿ ಏನು?’ ಎಂದು ಕೇಳುವುದನ್ನು ಬಿಡಿ. ಆ ಪ್ರಶ್ನೆ ಬರುತ್ತದೆಂದು ಗೊತ್ತಾದರೆ ಮಾರನೆಯ ದಿನ ಹೂಂಗುಟ್ಟಲು ಯಾರೂ ಕೈಯೆತ್ತುವುದಿಲ್ಲ. ಅದರ ಬದಲು, ಮನೆಗೆ ಹೋಗಿ ಇದೇ ಕಥೆಯನ್ನು ಹೇಳಿ, ಮನೆಯವರು ಬೇರೆ ಥರ ಹೇಳಿದರೆ ಅದನ್ನು ಕೇಳಿಕೊಂಡು ಬನ್ನಿ ಎಂದು ಕಳಿಸಿ. ಸೋಮವಾರ ನಿಮ್ಮ ತರಗತಿಗೆ ಐದಾರು ಬಗೆಯ ಕಾಗಕ್ಕ ಬಂದಿರುತ್ತಾಳೆ.